ದಂಡಿನ ಕುದುರೆಗೆ ಲಾಳ ಕಟ್ಟುವ ಯಾರ್ಮಿಲಾ

ಡಿಸೆಂಬರಿನ ಮೊದಲ ಶನಿವಾರ, ಬೆಳಗಿನ ಆರು ಗಂಟೆ. ಸ್ಲಾವ್ಕೊವ್ ಬಳಿಯ ಬಯಲು ಕಲ್ಲಿನಂತೆ ಹೆಪ್ಪುಗಟ್ಟಿದೆ. ನೆಪೋಲಿಯನ್ನನ ಸಿಪಾಯಿಗಳು ಡೇರೆಗಳಲ್ಲಿ ಇನ್ನೂ ಗೊರಕೆ ಹೊಡೆಯುತ್ತಿದ್ದಾರೆ. ಯಾರ್ಮಿಲಾ ಸ್ಕಾಟ್ಸೆಲೋವಾ ಮಾತ್ರ ಕುದುರೆಯ ಕಾಲನ್ನು ತೊಡೆಗಳ ನಡುವೆ ಅವುಚಿಕೊಂಡು, ಲಾಳಕ್ಕೆ ತಿರುಪು ಮೊಳೆ ಬಿಗಿಯುತ್ತಿದ್ದಾರೆ. ಮಂಜುಗಡ್ಡೆಯ ಮೇಲೆ ಕುದುರೆ ಜಾರದಂತೆ ಹಿಡಿಯುವುದು ಈ ಮೊಳೆಗಳೇ. ಗೊರಸಿಗೆ ನಾಲ್ಕರಂತೆ, ಮೂವತ್ತೆರಡು ಕುದುರೆಗಳಿಗೆ ಐನೂರ ಹನ್ನೆರಡು. ಮಧ್ಯಾಹ್ನ ಎರಡಕ್ಕೆ, 1805ರಲ್ಲಿ ನೆಪೋಲಿಯನ್ ಇಲ್ಲಿ ಗೆದ್ದ ಕಾಳಗವನ್ನು ಹವ್ಯಾಸಿಗಳು ವೇಷ ಕಟ್ಟಿ, ಪ್ರತಿ ವರ್ಷದಂತೆ ಇದೇ ಬಯಲಲ್ಲಿ ಮತ್ತೆ ಆಡಿ ತೋರಿಸಬೇಕು.

ಯಾರ್ಮಿಲಾಗೆ ಈಗ ಅರವತ್ತೊಂದು. ಅಪ್ಪ ಸಹಕಾರಿ ಬೇಸಾಯ ಸಂಘದ ಕಮ್ಮಾರ. ಕಸುಬನ್ನು ಮಗನಿಗೆ ಕಲಿಸಹೋದರು. ಅವನು ರೈಲು ಓಡಿಸಲು ಹೋದ, ಸುತ್ತಿಗೆ ಮಗಳ ಕೈಗೆ ಬಂತು. "ಮೊದಲ ವರ್ಷ ಇಲ್ಲಿಗೆ ಬಂದಾಗ, ಕಮ್ಮಾರ ಎಲ್ಲಿದಾನಮ್ಮಾ ಅಂತ ಸವಾರರು ನನ್ನನ್ನೇ ಕೇಳಿದ್ರು. ನಿಮ್ಮೆದುರಿಗೇ ನಿಂತಿದೀನಲ್ಲ ಅಂದೆ. ಅರ್ಧ ಗಂಟೆ ನಕ್ರು. ಆಮೇಲೆ ಸಾಲಾಗಿ ನಿಂತ್ರು." ಅದಾಗಿ ಹತ್ತೊಂಬತ್ತು ವರ್ಷ. ಈ ನಡುವೆ ಒಂದು ಒದೆತಕ್ಕೆ ಭುಜ ಮುರಿದಿದೆ, ಇನ್ನೊಂದಕ್ಕೆ ಎರಡು ಪಕ್ಕೆಲುಬು. ಚಳಿ ಬಿದ್ದರೆ ಎಡಗೈ ಮೇಲೇಳುವುದಿಲ್ಲ.

ಒಂಬತ್ತರ ಹೊತ್ತಿಗೆ ರೊಹ್ಲೀಕನ ಸರದಿ. ಫ್ರೆಂಚ್ ಅಶ್ವದಳದ ನಾಯಕ ಒತಕರ್‌ನ ಕುದುರೆ ಅದು. ಒತಕರ್ ವಾರವಿಡೀ ಬ್ರ್ನೋ ನಗರದಲ್ಲಿ ಹಲ್ಲು ಕೀಳುವ ಡಾಕ್ಟರು. ಇವತ್ತು ಹಿತ್ತಾಳೆಯ ಶಿರಸ್ತ್ರಾಣ ತೊಟ್ಟು ಮೀಸೆ ತಿರುವುತ್ತಿದ್ದಾನೆ. ಯಾರ್ಮಿಲಾ ಮುಂಗಾಲಿನ ಗೊರಸನ್ನು ಇಕ್ಕಳದಿಂದ ಒತ್ತುತ್ತಲೇ ಕುದುರೆ ಕಾಲು ಕಿತ್ತುಕೊಳ್ಳುತ್ತದೆ.

"ಒಳಗೆ ಕೀವಾಗಿದೆ. ಇವತ್ತು ಇದು ಓಡಲ್ಲ."

"ಏನಮ್ಮಾ ನೀನು! ಆ ಕಾಲದಲ್ಲಿ ಇದನ್ನೆಲ್ಲ ಯಾರು ನೋಡ್ತಿದ್ರು?"

"ಆ ಕಾಲದಲ್ಲಿ ಸತ್ತೋರು ಎದ್ದು ಸೂಪ್ ಕುಡಿಯೋಕೆ ಬರ್ತಿರ್ಲಿಲ್ಲ, ಡಾಕ್ಟ್ರೇ."

ಸುತ್ತ ನಿಂತವರು ನಗುತ್ತಾರೆ. ಒತಕರ್‌ನ ಮುಖ ಕೆಂಪಾಗುತ್ತದೆ. ಈ ದಾಳಿಯ ಮುಂದಾಳಾಗಲು ಅವನು ಎಂಟು ವರ್ಷ ಕಾದಿದ್ದಾನೆ. "ಮುಂದಿನ ಸಲ ಬೇರೆಯವರನ್ನ ಕರೆಸ್ತೀವಿ, ನೆನಪಿರ್ಲಿ!"

"ಧಾರಾಳವಾಗಿ ಕರೆಸಿ," ಎಂದವರೇ ಯಾರ್ಮಿಲಾ ಇಕ್ಕಳ ಹಾಕಿ ಲಾಳವನ್ನೇ ಕಿತ್ತುಬಿಡುತ್ತಾರೆ. ಬರಿಗೊರಸಿನಲ್ಲಿ ಆ ನೆಲದ ಮೇಲೆ ಯಾರೂ ಸವಾರಿ ಮಾಡುವಂತಿಲ್ಲ. ಬಳಿಕ ಬಾಗಿದ ಚಾಕುವಿನಿಂದ ಗೊರಸಿನ ತಳವನ್ನು ಮೆಲ್ಲಗೆ ಕೆರೆಯುತ್ತಾರೆ. ಕರ್ರಗಿನ ಕೀವು ಬಳಕ್ಕನೆ ಹೊರಬೀಳುತ್ತದೆ. ರೊಹ್ಲೀಕ್ ದೀರ್ಘವಾಗಿ ಉಸಿರುಬಿಟ್ಟು ತಲೆಯನ್ನು ಅವರ ಬೆನ್ನಿಗೆ ಆನಿಸುತ್ತದೆ. ಒತಕರ್ ಶಿರಸ್ತ್ರಾಣ ತೆಗೆದು ಕೆಳಗಿಡುತ್ತಾನೆ.

ಅಂದು ಅವನು ಕಾಲಾಳುಗಳ ನಡುವೆ ಬಂದೂಕು ಹೊತ್ತು ನಡೆಯುತ್ತಾನೆ. ಮೊದಲ ಗುಂಡಿಗೇ ಸಾಯುತ್ತಾನೆ. ಗುಡ್ಡದಾಚೆ ಫಿರಂಗಿಗಳು ಗುಡುಗುವಾಗ ಯಾರ್ಮಿಲಾ ಈಚೆ ಬದಿಯಲ್ಲಿ ಕಿವಿಗೊಟ್ಟು ನಿಂತಿರುತ್ತಾರೆ. ದಾಳಿಯಿಂದ ಮರಳಿದ ಕುದುರೆಗಳು ಒಂದೊಂದಾಗಿ ಬರುತ್ತವೆ. ಅವರ ಕಣ್ಣು ಸವಾರರ ಮೇಲಿಲ್ಲ, ಕಾಲುಗಳ ಮೇಲೆ. ಒಂದೂ ಕುಂಟುತ್ತಿಲ್ಲ.

ಕತ್ತಲಾಗುವ ಮುನ್ನ, ಮೈತುಂಬ ಮಣ್ಣಾದ ಒತಕರ್ ಎರಡು ಬಟ್ಟಲು ಬೆಳ್ಳುಳ್ಳಿ ಸೂಪ್ ಹಿಡಿದು ಬರುತ್ತಾನೆ. "ತಪ್ಪಾಯ್ತಮ್ಮ. ಹಲ್ಲಲ್ಲಿ ಕೀವಿದ್ದೋರಿಗೆ ಮೆರವಣಿಗೆ ಹೋಗು ಅಂತ ನಾನೇ ಹೇಳಲ್ಲ." ರೊಹ್ಲೀಕನ ಕಾಲನ್ನು ತಾನೇ ಹಿಡಿದುಕೊಳ್ಳುತ್ತಾನೆ, ಅವರು ಪಟ್ಟಿ ಕಟ್ಟುತ್ತಾರೆ.

ಇಷ್ಟು ವರ್ಷದಲ್ಲಿ ಕಾಳಗವನ್ನು ಅವರು ಒಮ್ಮೆಯೂ ನೋಡಿಲ್ಲವಂತೆ. "ಒಂದ್ಸಲ ಗುಡ್ಡದ ಮೇಲೆ ನಿಂತು ನೋಡೋ ಆಸೆ ಇದೆ. ಕುದುರೆ ಸಾಲು ಬಂದಾಗ ಜನ ಉಸಿರೇ ಬಿಡಲ್ವಂತೆ, ಹೌದಾ?"

"ಮುಂದಿನ ವರ್ಷ ನಾನೇ ಕರ್ಕೊಂಡು ಹೋಗ್ತೀನಿ," ಎನ್ನುತ್ತಾನೆ ಒತಕರ್.

ಯಾರ್ಮಿಲಾ ಸೂಪ್ ಊದುತ್ತಾ ತಲೆಯಾಡಿಸುತ್ತಾರೆ. "ಆಗೋದಿಲ್ಲ ಡಾಕ್ಟ್ರೇ. ಅವು ಓಡ್ತಿರುವಾಗ ನಾನು ಇಲ್ಲೇ ಇರಬೇಕಲ್ಲ."