ಮ್ಯೂಸಿಯಂಗೆ ಹೋದ ಮೆಟ್ಟುಕತ್ತಿ

ನನ್ನ ಅತ್ತೆಗೆ ತಾವು ತೀರಿಕೊಂಡ ಸುದ್ದಿ ಗೊತ್ತಾದದ್ದು ಕಳೆದ ಭಾನುವಾರ, ಥಾಣೆಯ ಆರ್ಟ್ ಮ್ಯೂಸಿಯಂನಲ್ಲಿ.

(ಗಾಬರಿಯಾಗಬೇಡಿ. ಅತ್ತೆ ಚೆನ್ನಾಗಿದ್ದಾರೆ. ನಾನು ಇದನ್ನು ಬರೆಯುತ್ತಿರುವಾಗ ಹಾಲ್‌ನಲ್ಲಿ ಕೂತು ಮರಾಠಿ ಸೀರಿಯಲ್ ನೋಡುತ್ತಿದ್ದಾರೆ. ಚೆನ್ನಾಗಿಲ್ಲದವಳು ನಾನು.)

ಆ ಮ್ಯೂಸಿಯಂನಲ್ಲಿ ಈಗ ಅಡುಗೆಮನೆಯ ಹಳೆಯ ಸಾಮಾನುಗಳ ಪ್ರದರ್ಶನ ನಡೆಯುತ್ತಿದೆ. ಬೇರೆ ಬೇರೆ ಊರುಗಳಿಂದ ಬಂದು ಥಾಣೆ, ಡೊಂಬಿವಲಿ, ಕಲ್ಯಾಣದ ಕಡೆ ನೆಲೆ ನಿಂತವರು ಬರುವಾಗ ಜೊತೆಗೆ ಏನು ತಂದರು ಎನ್ನುವುದು ವಿಷಯ. ಭಾನುವಾರ ಮಕ್ಕಳಿಗೆ ಸ್ಕೆಚಿಂಗ್, ದೊಡ್ಡವರಿಗೆ ಗೈಡೆಡ್ ವಾಕ್, ಸಂಜೆ ಒಂದು ಟಾಕ್. ಇದನ್ನೆಲ್ಲ ನೋಡಿಕೊಳ್ಳುವ ಕ್ಯುರೇಟರ್ ಸಾಯಲಿ ಎಂಬ ಮರಾಠಿ ಹುಡುಗಿ. ಕನ್ನಡದವರ ಮನೆಯಿಂದಲೂ ಏನಾದರೂ ಬೇಕು ಎಂದು ಆಕೆ ನನಗೆ ಫೋನ್ ಮಾಡಿದಳು. ನಾನು ಬರೆಯುವವಳು ಎಂದು ಯಾರೋ ಹೇಳಿದ್ದರಂತೆ. (ಬರೆಯುವವಳು ಎಂದ ಕೂಡಲೇ ನಾನು ಅಟ್ಟಕ್ಕೇರುತ್ತೇನೆ. ಅದು ನಿಮಗೆ ಗೊತ್ತಿರುವುದೇ.)

ನನಗೆ ತಕ್ಷಣ ಹೊಳೆದದ್ದು ನಮ್ಮ ಮನೆಯ ಮೆಟ್ಟುಕತ್ತಿ. ಮರದ ಮಣೆ, ಅದರ ಮೇಲೆ ಬಾಗಿ ನಿಂತ ಕತ್ತಿ, ಕತ್ತಿಯ ತುದಿಯಲ್ಲಿ ಕಾಯಿ ತುರಿಯುವ ಹಲ್ಲು. ಘಟ್ಟದ ಮೇಲಿನವರು ಈಳಿಗೆಮಣೆ ಎನ್ನುತ್ತಾರೆ, ಇಲ್ಲಿಯವರು ವಿಳಿ. ಅತ್ತೆ ಮದುವೆಯಾಗಿ ಉಡುಪಿಯಿಂದ ಡೊಂಬಿವಲಿಗೆ ಬರುವಾಗ ಟ್ರಂಕಿನಲ್ಲಿ ಸೀರೆಗಳ ನಡುವೆ ಸುತ್ತಿಟ್ಟು ತಂದದ್ದು.

ಅದು ಹೊಳೆಯಲು ಇನ್ನೊಂದು ಕಾರಣವೂ ಇತ್ತು. ಹೇಳಿಬಿಡುತ್ತೇನೆ. ಇತ್ತೀಚೆಗೆ ನಮ್ಮ ಅಡುಗೆಮನೆಯನ್ನು ಹೊಸದಾಗಿ ಮಾಡಿಸಿದೆವು. ಬಿಳಿ ಟೈಲ್ಸ್, ಸದ್ದಿಲ್ಲದೆ ಮುಚ್ಚುವ ಡ್ರಾಯರ್‌ಗಳು. ಅದರ ನಡುವೆ ಈ ಕಪ್ಪು ಮಣೆಗೆ ಜಾಗವಿರಲಿಲ್ಲ. ಎಲ್ಲಿಟ್ಟರೂ ನನ್ನ ಕಾಲಿಗೆ ತಾಗುತ್ತಿತ್ತು. ಅತ್ತೆಯ ಮಂಡಿ ನೋವಿಗೆ ಡಾಕ್ಟರು ನೆಲದಲ್ಲಿ ಕೂರಬೇಡಿ ಎಂದಿದ್ದರು. ಡಾಕ್ಟರು ಒಮ್ಮೆ ಹೇಳಿದ್ದನ್ನು ನಾನು ದಿನಾ ಹೇಳುತ್ತಿದ್ದೆ.

ಅತ್ತೆ ಮಾತ್ರ ಕೇಳುತ್ತಿರಲಿಲ್ಲ. ಮನೆಯ ಕೆಲಸಗಳನ್ನೆಲ್ಲ ‘ನೀವು ಆರಾಮ ಮಾಡಿ’ ಎನ್ನುತ್ತಲೇ ನಾನು ಒಂದೊಂದಾಗಿ ಅವರಿಂದ ಕಿತ್ತುಕೊಂಡಿದ್ದೆ. ಉಳಿದದ್ದು ಬೆಳಿಗ್ಗೆ ಕಾಯಿ ತುರಿಯುವುದು, ಸೌತೆಕಾಯಿಯೋ ಬಾಳೆದಿಂಡೋ ಇದ್ದರೆ ಹೆಚ್ಚಿ ಕೊಡುವುದು. ಅಷ್ಟನ್ನು ಮಾಡಿ ಮುಗಿಸಿ, ಕೈ ಒರೆಸಿಕೊಂಡು, ‘ಇನ್ನೆಂತ ಉಂಟು?’ ಎಂದು ಕೇಳುತ್ತಿದ್ದರು. ಇನ್ನೇನೂ ಇರುತ್ತಿರಲಿಲ್ಲ.

ಸ್ವಲ್ಪ ದಿನಕ್ಕೆ ಮಾತ್ರ, ಪ್ರದರ್ಶನ ಮುಗಿದ ಮೇಲೆ ವಾಪಸ್ ಬರುತ್ತದೆ ಎಂದು ಪುಸಲಾಯಿಸಿದೆ. ಅತ್ತೆ ಹುಣಸೆಹುಳಿ ಹಾಕಿ ಕತ್ತಿಯನ್ನು ತಿಕ್ಕಿ ತೊಳೆದರು. ಒರೆಸಿ ಕೊಬ್ಬರಿ ಎಣ್ಣೆ ಸವರಿದರು. ನಾನು ಕೈ ಚಾಚಿದರೆ ಕೊಡಲಿಲ್ಲ, ನೆಲದ ಮೇಲಿಟ್ಟರು. ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ನಾನು ನೆಲದಿಂದ ಎತ್ತಿಕೊಂಡೆ. ಜಗಳವೇನೂ ಆಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು.

ಮರುದಿನದಿಂದ ತುರಿದ ಕಾಯಿಯ ಪ್ಯಾಕೆಟ್ ಫ್ರಿಜ್ಜಿಗೆ ಬಂತು. ಬೆಳಿಗ್ಗೆ ಅತ್ತೆ ಅಭ್ಯಾಸಬಲದಿಂದ ಅಡುಗೆಮನೆಯ ಬಾಗಿಲವರೆಗೆ ಬರುತ್ತಿದ್ದರು, ಒಂದು ಕ್ಷಣ ನಿಂತು ಬಾಲ್ಕನಿಗೆ ಹೋಗುತ್ತಿದ್ದರು. ಅದನ್ನು ನಾನು ನೋಡಲಿಲ್ಲವೇ? ನೋಡಿದೆ. ಮಂಡಿಗೆ ರೆಸ್ಟ್ ಸಿಕ್ಕಿತು ಎಂದುಕೊಂಡೆ.

ಈ ನಡುವೆ ಸಾಯಲಿ ಲೇಬಲ್‌ಗಾಗಿ ನಾಲ್ಕು ಸಾಲು ಕೇಳಿದಳು. ಕೊಟ್ಟವರ ಭಾಷೆಯಲ್ಲೇ ಇರಬೇಕು, ಸ್ವಲ್ಪ ಇಮೋಷನಲ್ ಆಗಿರಲಿ, ಮರಾಠಿ ಮತ್ತು ಇಂಗ್ಲಿಷ್ ಅನುವಾದ ಕೆಳಗೆ ಹಾಕುತ್ತೇವೆ ಎಂದಳು. ‘ನನ್ನ ಅತ್ತೆ ಇದರಲ್ಲಿ ದಿನಾ ಕಾಯಿ ತುರಿಯುತ್ತಾರೆ’ ಎಂದು ಮೊದಲು ಬರೆದೆ. ಸಪ್ಪೆ ಅನ್ನಿಸಿತು. ದಿನಾ ಕಾಯಿ ತುರಿಯುವವರನ್ನು ನೋಡಲು ಮ್ಯೂಸಿಯಂಗೆ ಯಾರು ಬರುತ್ತಾರೆ? ಅದನ್ನು ಹೊಡೆದು ಹಾಕಿ ಹೀಗೆ ಬರೆದೆ: ‘ನನ್ನ ಅತ್ತೆಯ ಮೆಟ್ಟುಕತ್ತಿ. ಕಾಯಿ ತುರಿಯುವ ಸದ್ದಿಗೆ ಮನೆ ಏಳುತ್ತಿದ್ದ ಕಾಲ ಹೋಯಿತು. ಮಣೆ ಉಳಿದಿದೆ. ಇದನ್ನು ಆಡಿಸಿದ ಕೈಗಳು ಈಗಿಲ್ಲ.’

ಬರೆದು ನನ್ನ ಕಣ್ಣೇ ಒದ್ದೆಯಾಯಿತು. ಗೆಳತಿಯರ ವಾಟ್ಸಾಪ್ ಗುಂಪಿಗೂ ಹಾಕಿದೆ. ಸಾಲುಸಾಲು ಹಾರ್ಟ್ ಬಂದವು. ಆ ಹೊತ್ತಿಗೆ ‘ಆ ಕೈಗಳು’ ಹಾಲ್‌ನಲ್ಲಿ ನನ್ನ ದುಪಟ್ಟಾ ಮಡಚುತ್ತಿದ್ದವು.

ಭಾನುವಾರ ಗೈಡೆಡ್ ವಾಕ್‌ಗೆ ಸಾಯಲಿ ನನ್ನನ್ನೂ ಕರೆದಿದ್ದಳು. ಅತ್ತೆಯನ್ನು ನಾನೇ ಒತ್ತಾಯ ಮಾಡಿ ಹೊರಡಿಸಿದೆ. ಅವರ ಕತ್ತಿ ಗಾಜಿನೊಳಗೆ ಲೈಟಿನ ಕೆಳಗೆ ಮಿಂಚುವುದನ್ನು ತೋರಿಸಬೇಕೆಂಬ ಉಮೇದು. ಲೇಬಲ್ಲಿನ ನೆನಪೇ ನನಗಿರಲಿಲ್ಲ. (ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.)

ಅತ್ತೆ ಗಾಜಿನ ಮುಂದೆ ನಿಂತರು. ಊರಿಂದ ಬಂದ ನೆಂಟರನ್ನು ಕಂಡ ಹಾಗೆ ಮುಖ ಅರಳಿತು. ಎಣ್ಣೆ ಒಣಗಿದೆ, ಮತ್ತೊಮ್ಮೆ ಸವರಬೇಕು ಎಂದರು. ಆಮೇಲೆ ಪಕ್ಕದ ಗೋಡೆ ನೋಡಿ, ‘ಓ, ಕನ್ನಡದಲ್ಲಿ ಬರೆದದ್ದು ಉಂಟು’ ಎಂದು ಖುಷಿಯಿಂದ ಚೀಲದಿಂದ ಕನ್ನಡಕ ತೆಗೆದು ಏರಿಸಿಕೊಂಡರು.

ಆಗ ನನಗೆ ನೆನಪಾಯಿತು. ಆ ಕಡೆ ಫೋಟೋಗಳಿವೆ ಬನ್ನಿ ಎಂದು ಕೈ ಹಿಡಿದು ಎಳೆದೆ. ಅವರು ಬರಲಿಲ್ಲ. ಮೆಲ್ಲಗೆ ತುಟಿ ಆಡಿಸುತ್ತ ಓದಿದರು. ಕೊನೆಯ ಸಾಲಿಗೆ ಬಂದು ತುಟಿ ನಿಂತಿತು. ಇನ್ನೊಮ್ಮೆ ಮೊದಲಿಂದ ಓದಿದರು. ಕನ್ನಡಕ ಒಳಗಿಟ್ಟು, ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು. ಎ.ಸಿ. ಜೋರುಂಟು ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಸಾಯಲಿ ತನ್ನ ಗುಂಪಿನೊಂದಿಗೆ ಬಂದಳು. ಇವರೇ ಲೇಖಕಿ, ಇದು ಇವರ ದಿವಂಗತ ಅತ್ತೆಯವರದು ಎಂದು ಎಲ್ಲರಿಗೂ ಪರಿಚಯಿಸಿದಳು. ಜನ ಮರುಕದಿಂದ ನನ್ನನ್ನು ನೋಡಿದರು. ಒಬ್ಬ ಹೆಂಗಸು ನನ್ನ ಭುಜ ಸವರಿದಳು. ಸಾಯಲಿ ಅತ್ತೆಯ ಕಡೆ ತಿರುಗಿ ನಗುತ್ತ, ಈ ಆಜಿ ಯಾರು ಎಂದು ಕೇಳಿದಳು.

ಏನು ಹೇಳಬೇಕಿತ್ತು ನಾನು? ಉತ್ತರ ಎರಡೇ ಶಬ್ದದ್ದು, ನನ್ನ ಅತ್ತೆ. ಆದರೆ ಭುಜ ಸವರಿದ ಕೈ ಇನ್ನೂ ಭುಜದ ಮೇಲಿತ್ತು. ನಮ್ಮ ಬಿಲ್ಡಿಂಗ್‌ನವರು ಎಂದುಬಿಟ್ಟೆ ಮರಾಠಿಯಲ್ಲಿ. ಸುಳ್ಳಲ್ಲ ನೋಡಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಡೊಂಬಿವಲಿಯಲ್ಲಿ ಆಯುಷ್ಯ ಕಳೆದ ಅತ್ತೆಗೆ ನನಗಿಂತ ಚೆನ್ನಾಗಿ ಮರಾಠಿ ಬರುತ್ತದೆ. ಅವರು ನನ್ನ ಮುಖ ನೋಡಿದರು. ಸಾಯಲಿಯ ಕಡೆ ತಿರುಗಿ ತಲೆಯಾಡಿಸಿದರು.

“ಹೋ, ಶೇಜಾರೀಚ” ಎಂದರು. ಹೌದು, ಪಕ್ಕದ ಮನೆಯೇ.

ನನ್ನನ್ನು ಬಚಾವು ಮಾಡಿದರು. ತಮ್ಮ ಸಾವನ್ನು ತಾವೇ ಒಪ್ಪಿಕೊಂಡು, ಸೊಸೆಯ ಮರ್ಯಾದೆ ಉಳಿಸಿದರು. ಅತ್ತೆ ಅಲ್ಲೇ ನನಗೆ ಎರಡು ಬೈದಿದ್ದರೆ ನಾನು ಮನೆಗೆ ಬಂದು ನೆಮ್ಮದಿಯಿಂದ ಉಣ್ಣುತ್ತಿದ್ದೆ. ಆ ಹೊತ್ತಿನಲ್ಲಿ ನನಗಾದ ನಾಚಿಕೆಯನ್ನು ಬರೆಯಲು ಹೋದರೆ ಅದನ್ನೂ ಚೆಂದ ಮಾಡಿಬಿಡುತ್ತೇನೋ ಎಂದು ಭಯವಾಗುತ್ತದೆ.

ವಾಪಸ್ ಬರುವಾಗ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಅದು ಸುಮ್ಮನೆ ಬರೆದದ್ದು ಅತ್ತೆ, ಅರ್ಥ ಹಾಗಲ್ಲ ಎಂದು ಏನೇನೋ ತೊದಲಿದೆ. ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು.

“ಬರೆದದ್ದು ಲಾಯ್ಕ ಉಂಟು ಮಾರಾಯ್ತಿ” ಎಂದರು. “ಓದುವಾಗ ನನಗೂ ಬೇಜಾರಾಯ್ತು, ಪಾಪ ಯಾರೋ ಹೋಗಿದ್ದಾರೆ ಅಂತ.”

ದಿವಾ ಸ್ಟೇಷನ್ ಬರುವವರೆಗೂ ನಾನು ತಲೆ ಎತ್ತಲಿಲ್ಲ. ರಾತ್ರಿಗೆ ಏನು ಅಡುಗೆ ಎಂದು ಅವರೇ ಮಾತು ತೆಗೆದರು.

ಈಗ ನಿಮ್ಮನ್ನೇ ಕೇಳುತ್ತೇನೆ. ಮನೆಯಲ್ಲಿ ಹಿರಿಯರು ಎರಡನೇ ಸಲ ಅದೇ ಕಥೆ ಹೇಳಿದರೆ ಮೊಬೈಲ್ ಹಿಡಿಯುತ್ತೇವೆ. ಅವರ ಸಾಮಾನು ಕಾಲಿಗೆ ತಾಗಿದರೆ ಗೊಣಗುತ್ತೇವೆ. ಅದೇ ಸಾಮಾನಿಗೆ ಲೈಟು ಬಿಟ್ಟು ಗಾಜು ಹಾಕಿದರೆ ಮಾತ್ರ ಗಂಟಲು ಕಟ್ಟುವುದು ಯಾಕೆ? ಮ್ಯೂಸಿಯಂನವರನ್ನು ದೂರಬೇಡಿ. ಕೊಟ್ಟದ್ದನ್ನು ಅವರು ಜೋಪಾನವಾಗಿ ಇಟ್ಟಿದ್ದಾರೆ. ಕೊಟ್ಟವಳ ಬುದ್ಧಿ ಹಾಳಾಗಿತ್ತು. ಜಾಗ ಖಾಲಿ ಮಾಡಿಸುವುದಕ್ಕೆ ನಾನು ಗೌರವ ಎಂದು ಹೆಸರಿಟ್ಟೆ.

ಸೋಮವಾರ ಮ್ಯೂಸಿಯಂಗೆ ರಜೆ. ಮಂಗಳವಾರ ಬೆಳಿಗ್ಗೆ ಸಾಯಲಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಾಗಾದರೆ ಮೊನ್ನೆ ಬಂದಿದ್ದ ಆಜಿ, ಎಂದು ಶುರು ಮಾಡಿ ನಿಲ್ಲಿಸಿದಳು. ಹೌದು, ಅವರೇ ಎಂದೆ. ಒಳ್ಳೆಯ ಹುಡುಗಿ, ಬೈಯಲಿಲ್ಲ. ಲೇಬಲ್ ಇವತ್ತೇ ತೆಗೆಸುತ್ತೇನೆ ಎಂದಳು. ಬರುವ ಭಾನುವಾರ ಆಜಿಯೇ ಬಂದು ಮಕ್ಕಳ ಮುಂದೆ ಕಾಯಿ ತುರಿದು ತೋರಿಸುತ್ತಾರಾ, ಕೂರಲು ಎತ್ತರದ ಕಟ್ಟೆ ಮಾಡಿಸುತ್ತೇನೆ ಎಂದೂ ಕೇಳಿದಳು.

ಫೋನಿಟ್ಟು ಬಾಲ್ಕನಿಗೆ ಹೋದೆ. ತಪ್ಪಾಯಿತು ಎಂದೆ. ಅಷ್ಟನ್ನು ಹೇಳಲು ಎರಡು ದಿನ ಬೇಕಾಯಿತು ನನಗೆ. ಆಮೇಲೆ ಸಾಯಲಿ ಕರೆದ ವಿಷಯ ಹೇಳಿದೆ. ಬರುವುದಿಲ್ಲ ಎನ್ನುತ್ತಾರೆಂದು ಅಂದುಕೊಂಡಿದ್ದೆ, ಹಾಗೆನ್ನಲಿ ಎಂದು ಒಳಗೊಳಗೇ ಆಸೆಯೂ ಇತ್ತು. ಅತ್ತೆ ಕೂಡಲೇ ಒಪ್ಪಿದರು. ಒಳ್ಳೆಯ ಬಲಿತ ಕಾಯಿ ತರಿಸಬೇಕು ಎಂದರು. ಸ್ವಲ್ಪ ಯೋಚಿಸಿ, ಸಣ್ಣ ದನಿಯಲ್ಲಿ ಒಂದು ಮಾತು ಕೇಳಿದರು. ಕುಟುಕಿದ್ದಲ್ಲ. ಇನ್ನೊಮ್ಮೆ ನನಗೆ ತೊಂದರೆಯಾಗಬಾರದು ಎಂದು ನಿಜವಾಗಿ ಕೇಳಿದ್ದು.

“ಅಲ್ಲಿ ಯಾರಾದ್ರೂ ಕೇಳಿದ್ರೆ ನಾನು ನಿನಗೆ ಏನಾಗ್ಬೇಕು ಅಂತ ಹೇಳ್ಲಿ?”