ಸಫಿಯಾ ಬಿಚ್ಚಿದ ರೀಲು

ಬೆಳಿಗ್ಗೆ ಆರೂಕಾಲು. ಸುಳ್ಯದಿಂದ ಅಜ್ಜಾವರಕ್ಕೆ ಹೋಗುವ ರಸ್ತೆ ಬದಿಯ ಮನೆಯ ಜಗಲಿಯಲ್ಲಿ ಸಫಿಯಾ ಮೀನು ಹಿಡಿಯುವ ರೀಲೊಂದನ್ನು ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದಾರೆ. ಆಮೇಲೆ ಅದನ್ನು ಅಡುಗೆಮನೆಯ ತಕ್ಕಡಿಯ ಮೇಲಿಡುತ್ತಾರೆ. ಡಬ್ಬದ ಮೇಲೆ ಅಚ್ಚಾಗಿರುವುದು 205 ಗ್ರಾಂ, ತಕ್ಕಡಿ ತೋರಿಸುವುದು 238. “ಮೂವತ್ತಮೂರು ಗ್ರಾಂ ಎಲ್ಲಿಂದ ಬಂತು ಮಾರಾಯ್ರೆ? ಡಬ್ಬ ಸುಳ್ಳು ಹೇಳ್ತದೆ, ಇಲ್ಲದಿದ್ರೆ ರೀಲು,” ಎನ್ನುತ್ತಾರೆ. ತಕ್ಕಡಿಯೇ ಸುಳ್ಳು ಹೇಳಬಾರದೇಕೆ ಎಂದು ಕೇಳುತ್ತೇನೆ. ಅವರು ಒಂದು ಕಿಲೋ ಸಕ್ಕರೆಯ ಪೊಟ್ಟಣ ತಂದಿಡುತ್ತಾರೆ. ಒಂದು ಸಾವಿರದ ಆರು ಗ್ರಾಂ. “ಆರು ಪ್ಲಾಸ್ಟಿಕ್ಕಿನದ್ದು.”

ನಲವತ್ತೊಂಬತ್ತರ ಸಫಿಯಾ ಗಾಳದ ರೀಲು ಮತ್ತು ಗುರಿ ಅಭ್ಯಾಸದ ಏರ್‌ಗನ್ನುಗಳನ್ನು ರಿಪೇರಿ ಮಾಡುತ್ತಾರೆ. ಬೆಳಗಿನ ಬೆಳಕಿನಲ್ಲೇ ಬಿಚ್ಚುವ ಕೆಲಸ ಮುಗಿಸುವುದು ಅವರ ಪದ್ಧತಿ. ಬಲ್ಬಿನ ಬೆಳಕಲ್ಲಿ ಸಣ್ಣ ಸ್ಪ್ರಿಂಗ್ ಹಾರಿದರೆ ಅರ್ಧ ದಿನ ಗುಡಿಸುತ್ತಾ ಹುಡುಕಬೇಕಂತೆ. ಹಳೆಯ ಸಾಮಾನು ಬಂದರೆ ಅವರ ಮುಖ ಅರಳುತ್ತದೆ. ಹೊಸತು ಬಂದರೆ ಹುಬ್ಬು ಗಂಟಿಕ್ಕುತ್ತದೆ. “ಹಳೇದರ ದೋಷ ಎಂತ ಅಂತ ಗೊತ್ತಿರ್ತದೆ. ಹೊಸತರ ದೋಷ ಹುಡುಕಬೇಕಲ್ಲ?”

ಅವರ ಹುಬ್ಬಿಗೆ ಕೆಲಸ ಕೊಡುತ್ತಿರುವುದು ನಮ್ಮ ವಾಟ್ಸಾಪ್ ಬಳಗ. ಪುತ್ತೂರು, ಸುಳ್ಯ, ಕಡಬದ ನೂರ ಎಂಬತ್ತಾರು ಮಂದಿ ಹವ್ಯಾಸಿಗಳು ಅದರಲ್ಲಿದ್ದೇವೆ. ಹೌದು, ನಾನೂ ಇದ್ದೇನೆ. ಭಾನುವಾರ ಬೆಳಗಾದರೆ ಹೊಸ ಖರೀದಿಯ ಮೆರವಣಿಗೆ. ಕಾರಿನ ಬಾನೆಟ್ಟಿನ ಮೇಲೆ ರೀಲು, ಸೋಫಾದ ಮೇಲೆ ಏರ್‌ಗನ್ನು, ಬಾಳೆಲೆಯ ಮೇಲೆ ಸಾಲಾಗಿ ಬಣ್ಣಬಣ್ಣದ ಪ್ಲಾಸ್ಟಿಕ್ ಮೀನು. ಬೆಲೆ ಹೇಳುವುದಿಲ್ಲ, ಆದರೆ ಡಬ್ಬ ಕಾಣುವಂತೆ ಇಡುತ್ತೇವೆ. ಕೆಳಗೆ ಕೆಂಪು ಹೃದಯಗಳ ರಾಶಿ. ನಿಜವಾದ ಮೀನಿನ ಫೋಟೋ ಬರುವುದು ವರ್ಷಕ್ಕೆ ನಾಲ್ಕೋ ಐದೋ. ಅದೂ ಪೇಟೆಯಲ್ಲಿ ಕೊಂಡದ್ದಿರಬಹುದೇ ಎಂದು ಒಬ್ಬರನ್ನೊಬ್ಬರು ಸಂಶಯಿಸುತ್ತೇವೆ.

ಅಂಗಡಿ ಎಂದರೆ ಈ ಜಗಲಿಯೇ. ಬೋರ್ಡಿನಲ್ಲಿರುವುದು ‘ಮೊಯ್ದೀನ್ ರಿಪೇರಿ ವರ್ಕ್ಸ್’. ಗಂಡ ಮೊಯ್ದೀನ್ ಗಲ್ಫಿನಲ್ಲಿ ಹದಿನಾಲ್ಕು ವರ್ಷ ಗಾಳದ ಸಾಮಾನಿನ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ರೀಲು ಬಿಚ್ಚಿ ಜೋಡಿಸಿದವರು. ಊರಿಗೆ ಬಂದು ಜಗಲಿಯಲ್ಲಿ ಕೆಲಸ ಶುರು ಮಾಡಿದರು, ಹೆಂಡತಿಗೂ ಕಲಿಸಿದರು. ಆಮೇಲೆ ಸಕ್ಕರೆ ಕಾಯಿಲೆ ಕಣ್ಣಿಗೆ ಬಂತು. ಆರು ವರ್ಷಗಳಿಂದ ಸ್ಕ್ರೂಡ್ರೈವರು ಹಿಡಿಯುವುದು ಸಫಿಯಾ ಒಬ್ಬರೇ. ದಿನಕ್ಕೆ ಮೂರು ರೀಲು, ವಾರಕ್ಕೆ ಎರಡು ಏರ್‌ಗನ್ನು. ರೀಲೊಂದರಲ್ಲಿ ಅರವತ್ತಕ್ಕೂ ಹೆಚ್ಚು ತುಂಡುಗಳು. ಲೈಸೆನ್ಸಿನ ಕೋವಿ ಮುಟ್ಟುವುದಿಲ್ಲ. ಯಾರಾದರೂ ತಂದರೆ ಜಗಲಿ ಹತ್ತಲೂ ಬಿಡುವುದಿಲ್ಲ.

ಬಳಗದಲ್ಲಿ ಹೊಗಳಿಕೆ ಮಾತ್ರ ಮೊಯ್ದೀನರಿಗೆ, ನಾವೆಲ್ಲ ಗೌರವದಿಂದ ಕರೆಯುವ ಮೊಯ್ದೀನಾಕನಿಗೆ. ‘ಮೊಯ್ದೀನಾಕನ ಕೈಗುಣವೇ ಬೇರೆ’ ಎಂದು ನಾನೇ ಎರಡು ಸಲ ಬರೆದಿದ್ದೇನೆ. ಮೊಯ್ದೀನ್ ನಗುತ್ತಾರೆ. “ನಾನು ಮಾತಾಡುದು ಮಾತ್ರ. ಇವಳು ಕೆಲಸ ಮಾಡುದು. ಜನ ಕೇಳುದು ಮಾತಾಡುವವನನ್ನೇ ಅಲ್ವಾ?”

ಕಳೆದ ನವೆಂಬರಿನಲ್ಲಿ ಐವರ್ನಾಡಿನ ಸದಸ್ಯರೊಬ್ಬರು, ಲತೀಶ್ ಎಂದು ಕರೆಯೋಣ, ಆನ್‌ಲೈನ್ ಮಾರಾಟಗಾರನೊಬ್ಬನಿಂದ ಜಪಾನಿನ ರೀಲು ತರಿಸಿಕೊಂಡರು. ಫೋಟೋಕ್ಕೆ ತೊಂಬತ್ತಾರು ಹೃದಯಗಳು ಬಿದ್ದವು. ಮರುದಿನ ನೂಲು ಸುತ್ತಿಸಲೆಂದು ಇಲ್ಲಿ ಬಿಟ್ಟುಹೋದರು. ಹಿಡಿಕೆ ತಿರುಗಿಸಿದ ಸಫಿಯಾರಿಗೆ ಒಳಗಿನ ಸದ್ದು ಹಿಡಿಸಲಿಲ್ಲ. ಬಿಚ್ಚಿ ನೋಡಿದರು. ಹಲ್ಲಿನ ಚಕ್ರ ಅಗ್ಗದ ಎರಕದ್ದು. ಹಾಗೆಯೇ ಮುಚ್ಚಿ ಫೋನು ಮಾಡಿ, “ಇದು ನಕಲಿ, ಹಿಂದೆ ಕಳಿಸಿ,” ಎಂದರು.

ಆ ರಾತ್ರಿ ಬಳಗದಲ್ಲಿ ಲತೀಶರ ಧ್ವನಿ ಸಂದೇಶ ಬಂತು. ಐವತ್ತು ಸೆಕೆಂಡು. ಮೊಯ್ದೀನಾಕ ಒಳ್ಳೆಯವರೇ, ಆದರೆ ಈಗ ಸಾಮಾನು ಬಿಚ್ಚುವುದು ಅವರ ಹೆಂಡತಿಯಂತೆ, ಅಸಲಿ ಚಕ್ರ ತೆಗೆದು ನಕಲಿ ಹಾಕಿದ್ದಾರೆ, ಎಲ್ಲರೂ ಜಾಗ್ರತೆ. ನೂರ ಎಂಬತ್ತಾರು ಮಂದಿಗೆ ಸಫಿಯಾ ಎಂಬವರೊಬ್ಬರು ಕೆಲಸ ಮಾಡುತ್ತಾರೆಂದು ಗೊತ್ತಾದದ್ದೇ ಆ ಸಂದೇಶದಿಂದ. “ಒಳ್ಳೆ ಕೆಲಸಕ್ಕೆಲ್ಲ ಇವರ ಹೆಸರು. ಕದ್ದದ್ದಕ್ಕೆ ನನ್ನ ಹೆಸರು,” ಎನ್ನುವಾಗ ಸಫಿಯಾ ತಲೆ ಎತ್ತುವುದಿಲ್ಲ.

ಎರಡು ದಿನಗಳಲ್ಲಿ, ರಿಪೇರಿಗೆ ಬಂದ ಸಾಮಾನು ತೂಗುಹಾಕುವ ಜಗಲಿಯ ಗೂಟಗಳು ಖಾಲಿಯಾದವು. ಬಂದವರು ಕಾರಣ ಹೇಳಲಿಲ್ಲ. ‘ತುರ್ತಾಗಿ ಬೇಕಿತ್ತು’ ಎಂದು ಅರ್ಧ ರಿಪೇರಿಯಾದ ಸಾಮಾನನ್ನೂ ಎತ್ತಿಕೊಂಡು ಹೋದರು. ಅವರಲ್ಲಿ ನಾನೊಬ್ಬ. ಮನೆಗೆ ಬಂದು ರೀಲನ್ನು ಬಿಚ್ಚಿಯೂ ನೋಡಿದೆ. ಚಕ್ರ ನನ್ನದೋ ಅಲ್ಲವೋ ತಿಳಿಯಲಿಲ್ಲ, ಏಕೆಂದರೆ ಮೊದಲು ಹೇಗಿತ್ತೆಂದು ನಾನೆಂದೂ ನೋಡಿರಲಿಲ್ಲ. ಅದನ್ನು ಮತ್ತೆ ಜೋಡಿಸಲಿಕ್ಕೂ ಬರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಮೂರು ವಾರ ಒಬ್ಬ ಗಿರಾಕಿಯೂ ಬರಲಿಲ್ಲ. ಕೊನೆಗೆ ಬಳಗದ ಅಡ್ಮಿನ್, ಕೊಯಿಲದ ಭವಿತ್ (ಇದೂ ಬದಲಿಸಿದ ಹೆಸರು), ಎಲ್ಲರೆದುರು ಬಿಚ್ಚಿಸಿ ನೋಡೋಣ ಎಂದರು. ಲತೀಶ್, ಭವಿತ್, ನಾನು ಒಂದು ಬೆಳಿಗ್ಗೆ ಇದೇ ಜಗಲಿಗೆ ಬಂದೆವು. ಚಹಾ ಕೊಟ್ಟರು. ಯಾರೂ ಮುಟ್ಟಲಿಲ್ಲ. ಸಫಿಯಾ ಬಿಳಿ ಬಟ್ಟೆ ಹಾಸಿ, ಲತೀಶರ ರೀಲನ್ನು ಬಿಚ್ಚಿ, ತೆಗೆದ ತುಂಡುಗಳನ್ನು ತೆಗೆದ ಕ್ರಮದಲ್ಲೇ ಎಡದಿಂದ ಬಲಕ್ಕೆ ಇಡುತ್ತಾ ಹೋದರು. ದೊಡ್ಡ ಚಕ್ರ ಹೊರಬಂತು. ಅದರ ಹಲ್ಲುಗಳ ಸಂದಿಯಲ್ಲಿ ಕೆಂಪಗೆ ಏನೋ ಮೆತ್ತಿಕೊಂಡಿತ್ತು.

“ಇದನ್ನು ನಾನು ಅವತ್ತೇ ನೋಡಿದ್ದೆ,” ಎಂದರು ಸಫಿಯಾ. “ನಕಲಿ ಮಾಡುವವರ ಕೆಂಪು ಗ್ರೀಸು ಅಂತ ಎಣಿಸಿದೆ.”

ಭವಿತ್ ಬೆರಳಿಗೆ ಹಚ್ಚಿ ಮೂಸಿದರು. “ಗ್ರೀಸಲ್ಲ ಇದು. ತೆಂಗಿನೆಣ್ಣೆ. ಕುಂಕುಮ!”

ಚಕ್ರದ ಬುಡದಲ್ಲಿ ಅರೆದುಹೋದ ಅರ್ಧ ಅಕ್ಷತೆ ಕಾಳೂ ಇತ್ತು. ಲತೀಶರ ಮುಖ ಕಪ್ಪಿಟ್ಟಿತು. ಅಲ್ಲಿಂದಲೇ ತಾಯಿ ಸೇವಂತಿಯವರಿಗೆ ಫೋನು ಮಾಡಿ ತಮ್ಮ ಮನೆಮಾತು ಅರೆಭಾಷೆಯಲ್ಲಿ ಕೇಳಿದರು. ಮನೆಗೆ ಹೊಸ ಸಾಮಾನು ಬಂದರೆ, ಮಿಕ್ಸಿಯಾದರೂ ಸರಿ, ಮೊದಲು ದೇವರ ಮುಂದಿಟ್ಟು ಪೂಜೆ ಮಾಡುವುದು ಅವರ ಕ್ರಮ. ಬರೀ ಕುಂಕುಮ ನುಣುಪು ರೀಲಿಗೆ ನಿಲ್ಲಲಿಲ್ಲವೆಂದು ತೆಂಗಿನೆಣ್ಣೆಯಲ್ಲಿ ಕಲಸಿ, ಹಿಡಿಕೆಯ ಬುಡದ ತೂತಿಗೇ ದೊಡ್ಡ ಬೊಟ್ಟಿಟ್ಟಿದ್ದರು. ಅದು ಎಣ್ಣೆ ಬಿಡುವ ತೂತು.

“ಇವರು ಚಕ್ರ ಬದಲಾಯಿಸಿದ್ರೆ ಅಮ್ಮನ ಕುಂಕುಮ ಇದಕ್ಕೆ ಹತ್ತುದು ಹೇಗೆ?” ಎಂದು ಭವಿತ್ ಕೇಳಿದರು.

“ಕುಂಕುಮ ಅಂಗಡಿಯಲ್ಲಿ ಸಿಗುದಿಲ್ವಾ?” ಲತೀಶ್ ಸುಲಭಕ್ಕೆ ಬಿಡಲಿಲ್ಲ. ನಿಜ ಹೇಳುತ್ತೇನೆ, ಆ ಕ್ಷಣ ನನಗೂ ಹಾಗೆಯೇ ಅನ್ನಿಸಿತು. ಮನಸ್ಸಿಗೆ ಒಮ್ಮೆ ಹೊಕ್ಕ ಸಂಶಯಕ್ಕೆ ಎಷ್ಟು ಸಾಕ್ಷಿ ಕೊಟ್ಟರೂ ಹೊಟ್ಟೆ ತುಂಬುವುದಿಲ್ಲ.

ಭವಿತ್ ಎದ್ದುಹೋಗಿ ಕಾರಿನಿಂದ ತಮ್ಮದೇ ರೀಲು ತಂದರು. ಅದೇ ಮಾರಾಟಗಾರನಿಂದ ಅದೇ ತಿಂಗಳು ಕೊಂಡದ್ದು, ಈವರೆಗೆ ಯಾರೂ ಬಿಚ್ಚದ್ದು. ಸಫಿಯಾ ಮುಟ್ಟಲಿಲ್ಲ. ಯಾವ ಸ್ಕ್ರೂ ಎಂದು ಬಾಯಲ್ಲಿ ಹೇಳಿದರು, ಭವಿತ್ ಬಿಚ್ಚಿದರು. ಅದೇ ಅಗ್ಗದ ಎರಕ, ಅದೇ ಒರಟು ಹಲ್ಲು. ಕುಂಕುಮ ಮಾತ್ರ ಇರಲಿಲ್ಲ. ಭವಿತ್ ಬಳಗದಲ್ಲಿ ಅದರ ಹತ್ತು ಫೋಟೋ ಹಾಕಿದ್ದರು.

“ಆಯ್ತು, ತಪ್ಪಾಯ್ತು,” ಎಂದರು ಲತೀಶ್, ಯಾರ ಮುಖವನ್ನೂ ನೋಡದೆ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಧ್ವನಿ ಸಂದೇಶ ಆ ಸಂಜೆಯೇ ಅಳಿಸಿಹೋಯಿತು. ಅದರ ಬದಲಿಗೆ ಮಾತ್ರ ಒಂದು ಸಾಲೂ ಬರಲಿಲ್ಲ. ಬರುವುದು ಹೇಗೆ? ಸಫಿಯಾ ಕಳ್ಳಿಯಲ್ಲ ಎಂದು ಬರೆದರೆ ತೊಂಬತ್ತಾರು ಹೃದಯ ಗಳಿಸಿದ ರೀಲು ನಕಲಿ ಎಂದೂ ಒಪ್ಪಿಕೊಳ್ಳಬೇಕಲ್ಲ. ನಾನೂ ಬರೆಯಲಿಲ್ಲ. ಅಡ್ಮಿನ್ನರ ರೀಲೂ ನಕಲಿಯೇ, ಅವರ ಮರ್ಯಾದೆ ಉಳಿಯಲಿ ಎಂದುಕೊಂಡೆ. ಹೆದರಿಕೆ ಎಂದರೂ ತಪ್ಪಲ್ಲ.

ಈಗ ಗಿರಾಕಿಗಳು ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಸಾಮಾನನ್ನು ಚೀಲದಲ್ಲಿ ಮುಚ್ಚಿಟ್ಟುಕೊಂಡು, ರಸ್ತೆಯ ಎರಡೂ ಕಡೆ ನೋಡಿ ಜಗಲಿ ಹತ್ತುತ್ತಾರೆ. “ಅಸಲಿಯಾ ನೋಡಿ. ಯಾರಿಗೂ ಹೇಳ್ಬೇಡಿ ಆಯ್ತಾ?” ಈವರೆಗೆ ಹದಿನಾಲ್ಕು ರೀಲು ಬಂದಿವೆ, ಅದರಲ್ಲಿ ಒಂಬತ್ತು ನಕಲಿ. ಏರ್‌ಗನ್ನಿನ ದುರ್ಬೀನು ಐದು, ಅದರಲ್ಲಿ ನಾಲ್ಕು ನಕಲಿ. ಬಳಗದಲ್ಲಿ ಅವೆಲ್ಲ ಅಸಲಿಯಾಗಿಯೇ ಹೊಳೆಯುತ್ತಿವೆ. ಹತ್ತಿರದ ಮದುವೆಯೊಂದರಲ್ಲಿ ಸದಸ್ಯರೊಬ್ಬರ ಹೆಂಡತಿ ಸಫಿಯಾರನ್ನು ಕಂಡು ತಮ್ಮ ಕೈಚೀಲವನ್ನು ಇನ್ನೊಂದು ಪಕ್ಕಕ್ಕೆ ಸರಿಸಿದರಂತೆ. ಅದನ್ನು ಹೇಳುತ್ತಾ ಸಫಿಯಾ ಬಿಗಿಯಾಗಿದ್ದ ಸ್ಕ್ರೂವನ್ನೇ ಮತ್ತೆ ಬಿಗಿಮಾಡುತ್ತಾರೆ. ನನಗೆ ಸಿಟ್ಟು ಬರುತ್ತದೆ, ಹೆಚ್ಚಿನ ಪಾಲು ನನ್ನ ಮೇಲೆಯೇ.

ಆ ಒಂಬತ್ತು ಮಂದಿಯ ಹೆಸರು ಹೇಳಿಬಿಟ್ಟರೆ ನಿಮ್ಮ ಮೇಲಿನ ಮಾತು ಇವತ್ತೇ ತೊಳೆದುಹೋಗುತ್ತದಲ್ಲ ಎಂದು ಕೇಳುತ್ತೇನೆ.

“ಹೇಳ್ಬೇಡಿ ಅಂದಿದ್ದಾರೆ, ನಾನು ಆಯ್ತು ಅಂದಿದ್ದೇನೆ,” ಎನ್ನುತ್ತಾರೆ. “ಮತ್ತೆ ಹೇಳಿದ್ರೆ ನನ್ನನ್ನು ನಂಬಬಾರದು ಅಂತ ಅವರು ಹೇಳಿದ್ದೇ ಸರಿ ಅಂತ ಆಗುದಿಲ್ವಾ?”

ಒಳಗಿನಿಂದ ಮೊಯ್ದೀನ್ ಕೆಮ್ಮುತ್ತಾರೆ. ಪತ್ರಿಕೆಗೆ ಇದನ್ನು ಬರೆಯಬಹುದೇ ಎಂದು ಸಫಿಯಾರನ್ನೇ ಕೇಳುತ್ತೇನೆ. ಅವರು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾರೆ.

“ಬರೀರಿ. ರೀಲು ಯಾರದ್ದು ಅಂತ ಬೇಡ. ಬಿಚ್ಚಿದ್ದು ಸಫಿಯಾ ಅಂತ ಬರೀರಿ.”