ಹಕಾರದ ಪಾಠ

"ಯಾರವ್ವ ನೀನು? ಅಲ್ಯಾಕ್ ನಿಂತ್ಕಂಡಿದ್ದೀಯ, ಬಾ ಒಳೀಕೆ."

ಕಿರಂಗೂರಿನಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಮಾತು ಇದು. ಆಡಿದವರು ನಾನು ಬಾಡಿಗೆಗೆ ಕೋಣೆ ಕೇಳಿಕೊಂಡು ಬಂದಿದ್ದ ಮನೆಯ ಯಜಮಾನರು, ನಂಜುಂಡಾಚಾರಿ. ಮನೆಯ ಮುಂದಿನ ಕುಲುಮೆಯಲ್ಲಿ ಕಬ್ಬು ಕಡಿಯುವ ಮಚ್ಚಿಗೆ ಸಾಣೆ ಹಿಡಿಯುತ್ತಿದ್ದ ಅವರು ಸರಿಯಾಗಿ ತಲೆ ಎತ್ತಿಯೂ ನೋಡಿರಲಿಲ್ಲ. ನನಗಾಗ ಮೂವತ್ತೇಳು ವರ್ಷ. ಕೈಯಲ್ಲಿ ಪಾಂಡವಪುರದ ತರಬೇತಿ ಕೇಂದ್ರವೊಂದರ ನೇಮಕಾತಿ ಪತ್ರ, ಬೆನ್ನ ಹಿಂದೆ ಎರಡು ದಿನದ ಪ್ರಯಾಣ. ನಮ್ಮ ಜಮಖಂಡಿಯಲ್ಲಿ ಹಾಲು ಹಾಕುವವರಿಗೂ "ಬರ್ರಿ, ಕುಂದರ್ರಿ" ಎನ್ನುತ್ತೇವೆ. ಗುರುತು ಪರಿಚಯ ಇಲ್ಲದ ಗಂಡಸು ಮೊದಲ ಮಾತಿನಲ್ಲೇ "ನೀನು" ಎಂದದ್ದಕ್ಕೆ ಕೆನ್ನೆ ಬಿಸಿಯಾಯಿತು. ಹಾಗೇ ತಿರುಗಿ ಬಸ್ಸು ಹತ್ತಿಬಿಡಲೇ ಎನ್ನಿಸಿತು.

ಆದರೆ ಅಷ್ಟರಲ್ಲಿ ಅವರ ಹೆಂಡತಿ ಜಯಮ್ಮ ಬಂದು ನನ್ನ ಬ್ಯಾಗು ಕಿತ್ತುಕೊಂಡರು. "ಇಟ್ಟು ಉಂಡ್ಯಾ ಮಗ?" ಎಂದು ಕೇಳಿದರು. ನಮ್ಮ ಕಡೆ ಹಿಟ್ಟು ಎಂದರೆ ಗಿರಣಿಯಿಂದ ಬೀಸಿಕೊಂಡು ಬರುವ ಪುಡಿ. ಅದನ್ನು ಯಾರು ಉಣ್ಣುತ್ತಾರೆ ಎಂದು ಬೆಪ್ಪಾಗಿ ನಿಂತೆ. ಇಲ್ಲಿ ಹಿಟ್ಟು ಎಂದರೆ ರಾಗಿ ಮುದ್ದೆ. ಅರ್ಧ ಗಂಟೆಯಲ್ಲಿ ಅದು ನನ್ನ ತಟ್ಟೆಯಲ್ಲಿತ್ತು, ಪಕ್ಕದಲ್ಲಿ ಸೊಪ್ಪು ಬೇಯಿಸಿ ಬಸಿದ ನೀರಿನ ಸಾರು. ಜೋಳದ ರೊಟ್ಟಿ ಅಗಿದು ಬೆಳೆದ ಹಲ್ಲು ಮುದ್ದೆಯನ್ನೂ ಅಗಿಯಿತು. ಬಾಯೆಲ್ಲ ಅಂಟು. ಮಗಳು ಸವಿತಾ ಎದುರು ಕೂತು ನಗು ತಡೆಯುತ್ತ, "ಅಗೀಬಾರ್ದು ಅಕ್ಕ, ನುಂಗ್ಬೇಕು" ಎಂದು ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ತೋರಿಸಿದಳು. ಒಂದು ವಾರ ಬೇಕಾಯಿತು. ಮೊದಲ ಸಲ ಸರಾಗವಾಗಿ ಗಂಟಲಿಳಿದ ದಿನ ಜಯಮ್ಮ ಅಕ್ಕಪಕ್ಕದವರನ್ನು ಕರೆದು ಹೇಳಿದರು. ನನ್ನ ಪದವಿ ಪ್ರಮಾಣಪತ್ರ ಬಂದಾಗಲೂ ಯಾರೂ ಹಾಗೆ ಸಂಭ್ರಮಪಟ್ಟಿರಲಿಲ್ಲ.

"ನೀನು" ಎಂಬುದರ ಒಳಗೇನಿದೆ ಎಂದು ತಿಳಿಯಲು ಇನ್ನೂ ಹೆಚ್ಚು ಕಾಲ ಬೇಕಾಯಿತು. ನಮ್ಮ "ರೀ" ಎದುರಿನವರಿಗೆ ಕುರ್ಚಿ ಹಾಕಿ ಕೂರಿಸುತ್ತದೆ, ಇವರ "ನೀನು" ಕೈ ಹಿಡಿದು ಅಡುಗೆಮನೆಗೆ ಕರೆದೊಯ್ಯುತ್ತದೆ. ಜ್ವರ ಬಂದು ಮಲಗಿದಾಗ ನಂಜುಂಡಾಚಾರಿಯವರು ಬಾಗಿಲಲ್ಲಿ ನಿಂತು, "ಯಾಕವ್ವ ಮಾದೇವಿ, ಇಂಗ್ ಬಿದ್ಕಂಡಿದ್ದೀಯ, ನಡಿ ಡಾಕ್ಟ್ರ ತಾವ್ಕೆ" ಎಂದು ಗದರಿ, ಬೈಕಿನಲ್ಲಿ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದರು. ನನ್ನ ಹೆಸರು ಮಹಾದೇವಿ. ಜಮಖಂಡಿಯಲ್ಲೂ ಕಿರಂಗೂರಿನಲ್ಲೂ ನಾನು ಮಾದೇವಿಯೇ. ನಡುವಿನ ಹಕಾರ ಇದ್ದದ್ದು ಕಾಗದಗಳಲ್ಲಿ ಮಾತ್ರ.

ನಾನು ಯಾಕೆ ಇಷ್ಟು ದೂರ ಬಂದೆ ಎಂದು ನೀವು ಕೇಳಬಹುದು. ಹುಬ್ಬಳ್ಳಿಯಲ್ಲಿ ನಾನು ಪಾಠ ಹೇಳುತ್ತಿದ್ದ ಕಂಪ್ಯೂಟರ್ ಕೇಂದ್ರ ಮುಚ್ಚಿತು. ಅದು ನನಗೆ ಹೊಸದಲ್ಲ. ಮೊದಲು ಟೈಪಿಂಗ್ ಕಲಿತೆ, ಟೈಪ್‌ರೈಟರುಗಳು ಗುಜರಿಗೆ ಹೋದವು. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವುದು ಕಲಿತೆ, ಅದನ್ನು ಎಲ್ಲರೂ ಫೋನಿನಲ್ಲೇ ಮಾಡತೊಡಗಿದರು. ಲೆಕ್ಕಪತ್ರದ ತಂತ್ರಾಂಶ ಕಲಿತೆ. ಪ್ರತಿಸಲ ನೆಲ ಕುಸಿಯುವ ಮೊದಲೇ ಇನ್ನೊಂದು ಕಡೆ ಕಾಲಿಡುವುದನ್ನು ರೂಢಿ ಮಾಡಿಕೊಂಡಿದ್ದೆ. ಕೊನೆಗೆ ಉಳಿದದ್ದು ಸಂದರ್ಶನದಲ್ಲಿ ಹೇಗೆ ಕೂರಬೇಕು, ಹೇಗೆ ಮಾತಾಡಬೇಕು ಎಂದು ಹೇಳಿಕೊಡುವ ಕೆಲಸ.

ಆ ಕೆಲಸಕ್ಕೆ ಬೆಲೆಯಾಗಿ ನಾನು ಕೊಟ್ಟದ್ದು ನನ್ನ ಊರಿನ ಮಾತನ್ನೇ. ವರ್ಷಗಳ ಹಿಂದೆ ಬೆಂಗಳೂರಿನ ಒಂದು ಸಂದರ್ಶನದಲ್ಲಿ "ಹೂನ್ರೀ, ಮಾಡ್ತೇನ್ರೀ" ಎಂದಿದ್ದೆ. ಮೇಜಿನ ಆಚೆ ಇದ್ದ ಮೂವರೂ ನಕ್ಕರು. ಒಬ್ಬರು, "ಇನ್ನೊಂದ್ಸಲ ಹೇಳಿ, ಚೆನ್ನಾಗಿದೆ" ಎಂದರು. ಹೇಳಿದೆ. ಕೆಲಸ ಸಿಗಲಿಲ್ಲ. ಆಮೇಲೆ ಒಂದು ವರ್ಷ ಬಾಗಿಲು ಹಾಕಿಕೊಂಡು ರೇಡಿಯೋ ವಾರ್ತೆಯ ಹಿಂದೆಯೇ ಓದುತ್ತ, ನಾಲಿಗೆಯಿಂದ ಒಂದೊಂದೇ "ರೀ" ಕಿತ್ತು ಹಾಕಿದೆ. ಪಾಂಡವಪುರದ ಕೇಂದ್ರದ ಮುಖ್ಯಸ್ಥರು ನನ್ನನ್ನು ಆರಿಸುವಾಗ, "ನಿಮ್ಮ ಮಾತು ಕೇಳಿದರೆ ಯಾವ ಊರಿನವರು ಅಂತ ಗೊತ್ತೇ ಆಗೋಲ್ಲ" ಎಂದರು. ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ.

ತರಗತಿಗೆ ಚಿನಕುರಳಿ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದ ಹುಡುಗ ಹುಡುಗಿಯರು ಬರುತ್ತಿದ್ದರು. ಡಿಗ್ರಿ ಮುಗಿಸಿದವರು, ಮೈಸೂರಿನಲ್ಲಿ ಏನಾದರೊಂದು ಕೆಲಸ ಬೇಕೆನ್ನುವವರು. ಅವರೆಲ್ಲರ ಮಾತಿನಲ್ಲಿ ಪದದ ಮೊದಲಿನ ಹಕಾರ ಇರಲಿಲ್ಲ. ಹಾಲು ಆಲು, ಹೂವು ಊವು, ಹಣ ಅಣ. ನಾನೊಂದು ಉಪಾಯ ಮಾಡಿದೆ. ಬಾಯಿಯ ಮುಂದೆ ಕಾಗದದ ಪಟ್ಟಿ ಹಿಡಿದು "ಹಾಲು" ಎನ್ನಬೇಕು. ಹಕಾರ ಸರಿಯಾಗಿ ಬಂದರೆ ಉಸಿರಿಗೆ ಕಾಗದ ಅಲುಗುತ್ತದೆ, ಇಲ್ಲದಿದ್ದರೆ ಇಲ್ಲ. ಕಾಗದ ಅಲುಗದವರನ್ನು ನೋಡಿ ಉಳಿದವರು ನಗುತ್ತಿದ್ದರು. ನಾನು ತಡೆಯಲಿಲ್ಲ. ನಗೆಯೂ ಕಲಿಸುತ್ತದೆ ಎಂದುಕೊಂಡೆ. ಮೇಜಿನ ಆಚೆಯಿಂದ ನಕ್ಕವರ ಮುಖ ನನಗೆ ಆಗ ನೆನಪಾಗಲಿಲ್ಲ.

ಸವಿತಾಳೂ ಆ ತರಗತಿಗೆ ಸೇರಿದಳು. ಬಿ.ಕಾಂ. ಮುಗಿಸಿದ್ದಳು. ಮೈಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ರೋಗಿಗಳ ವಿಚಾರಣೆ ಕೌಂಟರಿಗೆ ಜನ ಬೇಕಾಗಿದ್ದರು. ಅವಳಿಗೆ ಹೇಳಿಕೊಡಲು ಮನೆಯಲ್ಲೂ ನಾನೇ, ತರಗತಿಯಲ್ಲೂ ನಾನೇ. ಅವಳಷ್ಟು ಬೇಗ ಯಾರೂ ಕಲಿಯಲಿಲ್ಲ. ಕಾಗದ ಪಟಪಟ ಅಲುಗತೊಡಗಿತು. ಕಲಿತದ್ದು ತರಗತಿಯಲ್ಲೇ ಉಳಿಯಲಿಲ್ಲ, ಮನೆಗೂ ಬಂತು.

ಒಂದು ಬೆಳಿಗ್ಗೆ ನಂಜುಂಡಾಚಾರಿಯವರು ಗಿರಾಕಿಯೊಬ್ಬನಿಗೆ, "ಅಣ ಆಮ್ಯಾಕ್ ಕೊಡೀವಂತೆ, ತಗಂಡೋಗು" ಎನ್ನುತ್ತಿದ್ದರು.

ಒಳಗಿನಿಂದ ಸವಿತಾ, "ಅಪ್ಪ, ಅಣ ಅಲ್ಲ, ಹಣ. ಆಮ್ಯಾಕ್ ಅಲ್ಲ, ಆಮೇಲೆ" ಎಂದಳು.

"ಆಯ್ತು ಕಣವ್ವ ಮೇಡಮ್ಮು" ಎಂದು ಅವರು ನಕ್ಕರು. ಗಿರಾಕಿಯೂ ನಕ್ಕ. ನಾನೂ ನಕ್ಕೆ.

ಆಮೇಲೆ ಅದು ದಿನದ ಮಾತಾಯಿತು. ಊಟಕ್ಕೆ ಕೂತರೆ ತಿದ್ದುಪಡಿ, ಫೋನು ಎತ್ತಿದರೆ ತಿದ್ದುಪಡಿ. ಬರಬರುತ್ತ ನಂಜುಂಡಾಚಾರಿಯವರ ಮಾತು ಕಡಿಮೆಯಾಯಿತು. ಸುತ್ತಿಗೆಯ ಸದ್ದಿನ ಮೇಲೆ ಗಂಟಲೇರಿಸಿ ಬೀದಿಯವರೊಂದಿಗೆಲ್ಲ ಹರಟುತ್ತಿದ್ದವರು ಮಗಳು ಮನೆಯಲ್ಲಿದ್ದರೆ ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ನಾನು ಗಮನಿಸಿದೆ. ವಯಸ್ಸಾಗುತ್ತಿದೆ ಎಂದುಕೊಂಡು ಬಿಟ್ಟೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಸವಿತಾಳಿಗೆ ಕೆಲಸ ಸಿಕ್ಕಿತು. ಕೇಂದ್ರದ ಗೋಡೆಗೆ ಅವಳ ಫೋಟೋ ಹಾಕಿದರು. ಆ ವರ್ಷ ಮುಗಿಯಬೇಕಿದ್ದ ನನ್ನ ಗುತ್ತಿಗೆಯನ್ನು ಮುಂದುವರಿಸಿದರು, ಹಿರಿಯ ತರಬೇತುದಾರೆ ಎಂಬ ಹೆಸರೂ ಬಂತು. ಜಯಮ್ಮ ಪಾಯಸ ಮಾಡಿದರು.

ಎರಡು ತಿಂಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ ನಂಜುಂಡಾಚಾರಿಯವರು ನನ್ನ ಬಾಗಿಲಿಗೆ ಬಂದರು. ಸ್ನಾನ ಮಾಡಿ ಬಿಳಿ ಶರಟು ಹಾಕಿದ್ದರು. ಒಳಗೆ ಬರದೆ ಹೊಸ್ತಿಲಾಚೆ ನಿಂತು, "ಮೇಡಮ್ಮೋರೆ, ಬಿಡುವಾಗಿದ್ದೀರಾ?" ಎಂದರು.

ಯಾರನ್ನು ಕೇಳುತ್ತಿದ್ದಾರೆ ಎಂದು ನಾನು ಹಿಂದೆ ತಿರುಗಿ ನೋಡಿದೆ.

"ಆಸ್ಪತ್ರೇಲಿ ಒಸ್ದಾಗ್ ಸೇರ್ದೋರ್ ಮನೆಯೋರ್ನೆಲ್ಲ ಕರ್ದವ್ರಂತೆ. ಅಪ್ಪದೀರೆಲ್ಲ ಮೈಕಲ್ಲಿ ಎಸ್ರು, ಊರು, ಕಸುಬು ಯೋಳ್ಬೇಕಂತೆ. ಮಗ್ಳು ಏನೂ ಅನ್ನಾಕಿಲ್ಲ. ಆದ್ರೂ ನನ್ನಿಂದ ಅವ್ಳಿಗೆ ತಲೆ ತಗ್ಗಾದು ಬ್ಯಾಡ. ಒಸಿ ನಂಗೂ ಯೋಳ್ಕೊಡ್ತೀರಾ?"

ಬೇಡ ಎನ್ನಬಹುದಿತ್ತು. ನಿಮ್ಮ ಮಾತು ಹೇಗಿದೆಯೋ ಹಾಗೇ ಹೇಳಿ ಎನ್ನಬಹುದಿತ್ತು. ನನ್ನ ಬಾಯಿಂದ ಬಂದದ್ದು, "ಬನ್ನಿ, ಕೂತುಕೊಳ್ಳಿ." ಅವರು ಒಳಗೆ ಬಂದರು, ಕೂರಲಿಲ್ಲ. ತರಗತಿಯ ಹುಡುಗರಂತೆ ನೆಟ್ಟಗೆ ನಿಂತರು. ಮಗಳಿಂದ ಕೇಳಿ ತಿಳಿದಿದ್ದರೇನೋ, ಜೇಬಿನಿಂದ ಕ್ಯಾಲೆಂಡರಿನ ಹಾಳೆಯಿಂದ ಕತ್ತರಿಸಿದ ಒಂದು ಪಟ್ಟಿ ತೆಗೆದು ತಾವೇ ಬಾಯಿಯ ಮುಂದೆ ಹಿಡಿದರು.

"ನನ್ನ ಹೆಸರು" ಎಂದೆ.

"ನನ್ನ ಎಸ್ರು."

"ಹೆ."

"ಎ."

ಕಾಗದ ಅಲುಗಲಿಲ್ಲ. ಹಣೆಯ ಮೇಲೆ ಬೆವರು ಬಂತು. ಕುಲುಮೆಯ ಬೆಂಕಿಯ ಮುಂದೆ ದಿನವಿಡೀ ಕೂತರೂ ಅಷ್ಟು ಬೆವರಿದ್ದನ್ನು ನಾನು ನೋಡಿರಲಿಲ್ಲ. ಹತ್ತನೆಯದೋ ಹನ್ನೆರಡನೆಯದೋ ಸಲ ಜೋರಾಗಿ ಊದಿ "ಹ್ಹೆಸ್ರು" ಎಂದರು. ಕಾಗದ ಹಾರಿಹೋಗಿ ಮಂಚದ ಕೆಳಗೆ ಬಿತ್ತು. ಅದನ್ನು ತೆಗೆದುಕೊಳ್ಳಲು ಅವರು ಬಗ್ಗಿದಾಗ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ನೀರು ತರುತ್ತೇನೆ ಎಂದು ಹಿತ್ತಲಿಗೆ ಹೋದೆ.

ಆ ಕಾರ್ಯಕ್ರಮಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಬಸ್ಸಿನಲ್ಲಿ ಮೈಸೂರಿನವರೆಗೂ ಅವರ ತುಟಿ ಅಲುಗುತ್ತಲೇ ಇತ್ತು. ಅವರ ಸರದಿ ಬಂತು. ಮೈಕು ಕೈಗೆ ತೆಗೆದುಕೊಂಡು ಎದುರಿಗಿದ್ದ ಮಗಳನ್ನು ನೋಡಿದರು. ಸಭೆ ಕಾಯಿತು. ಅವರು ಮೈಕನ್ನು ಕಂಕುಳಲ್ಲಿ ಇರುಕಿಕೊಂಡು ಎರಡೂ ಕೈ ಮುಗಿದರು. ಅಷ್ಟೇ. ಜಯಮ್ಮ ಮೈಕು ಎಳೆದುಕೊಂಡು, "ಇವ್ರು ನಮ್ಮೆಜಮಾನ್ರು, ನಂಜುಂಡಾಚಾರಿ ಅಂತ. ಕಿರಂಗೂರಲ್ಲಿ ಕುಲ್ಮೆ ಮಡಗವ್ರೆ. ಸವಿತಾ ನಮ್ಮಗ್ಳು ಕಣ್ರಪ್ಪ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೂ ಗೇಲಿ ಮಾಡಲಿಲ್ಲ. ಸವಿತಾ ಮಾತ್ರ ನೆಲ ನೋಡುತ್ತಿದ್ದಳು.

ಹೊರಗೆ ಬಂದ ಮೇಲೆ ನಂಜುಂಡಾಚಾರಿಯವರು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ತಪ್ಪ್ ತಿಳ್ಕಬೇಡಿ ಮೇಡಮ್ಮೋರೆ. ಬಾಯ್ಗೇ ಬರ್ಲಿಲ್ಲ. ನೀವು ಅಷ್ಟ್ ಕಷ್ಟಪಟ್ಟು ಯೋಳ್ಕೊಟ್ರಿ, ನಾನು ಕೆಡಿಸ್ಬುಟ್ಟೆ."

ಕ್ಷಮೆ ಕೇಳಬೇಕಾದವಳು ನಾನು. ಕೇಳಿದವರು ಅವರು. "ಪರವಾಗಿಲ್ಲ ಬಿಡಿ" ಎಂದೆ. ನನ್ನ ಅಷ್ಟೂ ಸಂವಹನ ಕೌಶಲದಿಂದ ಹುಟ್ಟಿದ್ದು ಆ ಎರಡು ಪದ.

ಮುಂದಿನ ವಾರ ಸವಿತಾಳನ್ನು ಕೂರಿಸಿಕೊಂಡು, ನಾನು ನಿನಗೆ ತಪ್ಪು ಕಲಿಸಿದೆ ಎಂದೆ. ಅವಳು ಅಳಲಿಲ್ಲ, ನನ್ನನ್ನು ಸಮಾಧಾನವೂ ಮಾಡಲಿಲ್ಲ.

"ನೀವು ಕಲಿಸದಿದ್ದರೆ ಕೆಲಸ ಸಿಗ್ತಿರಲಿಲ್ಲ ಅಕ್ಕ. ಅದನ್ನ ತಪ್ಪು ಅಂತ ಹೆಂಗೆ ಹೇಳಲಿ? ಮನೇಲಿ ತಿದ್ದಿದ್ದು ನಾನು, ಅದು ನಂದು." ಮಾತು ಮುಂದುವರಿಸಿ, "ಕೌಂಟರಿಗೆ ವಯಸ್ಸಾದೋರು ಬಂದು 'ಎದೆ ಇಡ್ಕಂಡೈತೆ ಕಣವ್ವ' ಅಂದ್ರೆ ನಾನೂ ಅವರ ಹಂಗೇ ಮಾತಾಡ್ತೀನಿ. ಆಗ ಅವರ ಮುಖ ಬದಲಾಗುತ್ತೆ. ಮನೆಗೆ ಬಂದು ಅಪ್ಪನ ಹತ್ರ ಹಂಗೆ ಆಡೋಕೆ ಹೋದ್ರೆ, ಅಪ್ಪ ಹುಷಾರಾಗಿ 'ಹ' ಅಂತಾರೆ" ಎಂದಳು.

ಅಪ್ಪ ಮಗಳು ಈಗ ಮಾತಾಡುತ್ತಾರೆ, ಇಲ್ಲವೆಂದಲ್ಲ. ಮೊದಲಿನ ಹರಟೆ ಒಂದಿಷ್ಟು ಮರಳಿದೆ. ನನಗೆ ಮಾತ್ರ ನಂಜುಂಡಾಚಾರಿಯವರು "ನೀವು" ಎನ್ನುವುದನ್ನು ಬಿಟ್ಟಿಲ್ಲ. ಎರಡು ಸಲ ಕೇಳಿಕೊಂಡೆ, "ಮೊದಲಿನ ಹಾಗೆ ಕರೆಯಿರಿ" ಎಂದು. "ಆಯ್ತೇಳಿ ಮೇಡಮ್ಮೋರೆ" ಎಂದರು. ತರಗತಿಯಲ್ಲಿ ಕಾಗದದ ಆಟ ನಿಲ್ಲಿಸಿದೆ. ಪಾಠ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಆ ಹುಡುಗರಿಗೆ ಕೆಲಸ ಸಿಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ನನ್ನ ಕೆಲಸವೂ ಉಳಿಯುವುದಿಲ್ಲ ಎಂಬುದನ್ನು ಹೇಳಿಕೊಳ್ಳುವುದಿಲ್ಲ. ಹಕಾರ ಹೇಳಿಕೊಡುವಾಗ, ಇದು ಸಂದರ್ಶನಕ್ಕೆ ಮಾತ್ರ, ಮನೆಗೆ ಒಯ್ಯಬೇಡಿ ಎಂದು ಸೇರಿಸುತ್ತೇನೆ. ಅವರು ಅದನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.

ಈ ಬೇಸಿಗೆಯಲ್ಲಿ ಒಂದು ವಾರ ಜಮಖಂಡಿಗೆ ಹೋಗಿದ್ದೆ. ತಂಗಿ ರೊಟ್ಟಿ ಬಡಿಯುತ್ತ, "ಅಕ್ಕ, ಟಿವಿಯೊಳಗ ಸುದ್ದಿ ಓದಿದಂಗ ಮಾತಾಡಾಕತ್ತಿ ನೀ. ಮನಿಯಾಗ ಯಾರರ ಹಿಂಗ ಮಾತಾಡ್ತಾರೇನ?" ಎಂದು ರೇಗಿಸಿದಳು. ಮೊದಲ ಎರಡು ದಿನ "ಹೌದ್ರೀ" ಎಂಬುದನ್ನೂ ಯೋಚಿಸಿ ಹೇಳಬೇಕಾಯಿತು. ಆರನೇ ದಿನ ಯೋಚಿಸದೆ ಬಂತು. ಆಗ ಮತ್ತೆ ಹೊರಡುವ ಸಮಯ.

ಅರಸೀಕೆರೆಯಲ್ಲಿ ಇಳಿದು, ಹಾಸನದ ಮೇಲೆ ಮೈಸೂರಿಗೆ ಹೋಗುವ ಪ್ಯಾಸೆಂಜರ್ ರೈಲು ಹತ್ತಿದೆ. ಅಕ್ಕಿಹೆಬ್ಬಾಳಿನಲ್ಲಿ ಒಬ್ಬ ಹೆಂಗಸು ಬದನೆಕಾಯಿಯ ಮೂಟೆ ಹೊತ್ತು ಹತ್ತಿದಳು. "ಒಸಿ ಸರ್ಕೊ ಮಗ" ಎಂದು ನನ್ನ ಪಕ್ಕದಲ್ಲಿ ಕೂತು, ಬೆವರು ಒರೆಸಿಕೊಂಡು ಕೇಳಿದಳು.

"ಯಾವೂರವ್ವ ನಿಂದು?"

"ಜಮಖಂಡಿರೀ." ಬಾಯಿಂದ ತಾನಾಗಿಯೇ ಬಂದುಬಿಟ್ಟಿತು.

"ಅದೆಲ್ಲೈತೋ ಕಾಣೆ. ಈ ಕಡೀಕ್ ಏನ್ ಕೆಲ್ಸ?"

"ಇಲ್ಲೇ ಇರ್ತೀನ್ರೀ, ಕಿರಂಗೂರಾಗ. ಹುಡುಗರಿಗೆ ಮಾತಾಡೋದು ಕಲಸ್ತೀನಿ."

ಅವಳು ನನ್ನ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. ಆಮೇಲೆ ಇಡೀ ಡಬ್ಬಿಗೆ ಕೇಳುವಂತೆ ನಕ್ಕು, ನನ್ನ ತೊಡೆಯ ಮೇಲೆ ತಟ್ಟಿದಳು.

"ಯಾಕವ್ವ, ನಮ್ ಐಕ್ಳಿಗೆ ಮಾತ್ ಬರಾಕಿಲ್ವಾ?"

ಎದುರು ಸೀಟಿನವರೂ ನಕ್ಕರು. ಅವಳ ಕೈ ಇನ್ನೂ ನನ್ನ ತೊಡೆಯ ಮೇಲೇ ಇತ್ತು. ಉತ್ತರಕ್ಕೆ ಕಾಯುತ್ತಿದ್ದಳು. ಹೊರಗೆ ಹೇಮಾವತಿಯ ಬಯಲಿನ ಗದ್ದೆಗಳು ಹಿಂದಕ್ಕೆ ಸರಿಯುತ್ತಿದ್ದವು. ಯಾವ ಮಾತಿನಲ್ಲಿ ಉತ್ತರಿಸಲಿ ಎಂದು ಹುಡುಕುತ್ತಿರುವಾಗಲೇ ಮುಂದಿನ ನಿಲ್ದಾಣ ಬಂದುಬಿಟ್ಟಿತು.